ಒಂಟೆ ಹಿಂಡಿನ ವರ್ಗಮೂಲ

ಒಂದು ಒಂಟೆ ಹಿಂಡು. ಅದರ ಕಾಲು ಭಾಗ ಕಾಡಿನಲ್ಲಿ ಕಾಣಿಸಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಮೂರೈದ್ಲಿ ಹದಿನೈದು ಒಂಟೆಗಳು ಹೊಳೆಯ ದಂಡೆಯಲ್ಲಿ ಉಳಿದವು. ಹಾಗಾದರೆ ಹಿಂಡಿನಲ್ಲಿದ್ದ ಒಂಟೆಗಳು ಎಷ್ಟು?

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಕೆಲಸ ಮಾಡಿದ್ದೆಲ್ಲ ಕಲಬುರಗಿ ಜಿಲ್ಲೆಯಲ್ಲೇ. ವರ್ಗ ಸಮೀಕರಣವನ್ನು ಮಕ್ಕಳಿಗೆ ನೆನಪು ಮಾಡಿಕೊಡಬೇಕಾದಾಗಲೆಲ್ಲ ಈ ಒಂಟೆಗಳನ್ನು ಬೋರ್ಡಿನ ಮೇಲೆ ಬಿಡುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಒಂಟಿದು ವರ್ಗಮೂಲ ಹ್ಯಾಂಗ್ ತೆಗೀತಾರ್ರಿ? ಹಿಂಡು ಎಷ್ಟೈತಿ ಅಂತನ ಗೊತ್ತಿಲ್ಲಲ್ರಿ” ಅಂದ. ಕ್ಲಾಸೆಲ್ಲ ನಕ್ಕಿತು. ಅವನು ಕೇಳಿದ್ದು ಮಾತ್ರ ನೂರಕ್ಕೆ ನೂರು ಸರಿಯಾದ ಪ್ರಶ್ನೆ. “ತೆಗೀಬ್ಯಾಡಪಾ. ಹಿಂಡಿಗೆ ಹೆಸರಿಡೋದು ಬಿಟ್ಟು ಅದರ ವರ್ಗಮೂಲಕ್ಕ ಹೆಸರಿಡು” ಅಂದೆ.

ಹಿಂಡನ್ನು ‘ಯ’ ಎಂದು ಹಿಡಿದರೆ ಸಮೀಕರಣದೊಳಗೆ ಯ ಕೂಡ ಬರುತ್ತದೆ, √ಯ ಕೂಡ ಬರುತ್ತದೆ. ಎರಡನ್ನೂ ಒಟ್ಟಿಗೆ ಪಳಗಿಸುವುದು ಕಷ್ಟ. ವರ್ಗಮೂಲವನ್ನೇ ಯ ಎಂದು ಹಿಡಿದರೆ ಹಿಂಡು ಯ² ಆಗುತ್ತದೆ, ಕಾಡಿನವು ಯ²/4, ಬೆಟ್ಟದವು 2ಯ. ಮೂಲಚಿಹ್ನೆ ಮಾಯವಾಗಿ ಹತ್ತನೇ ತರಗತಿಯ ವರ್ಗ ಸಮೀಕರಣ ಉಳಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಲೆಕ್ಕ ಬಿಡಿಸುವ ಈ ಕ್ರಮಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಆದೇಶ ವಿಧಾನ ಎಂದು ಹೆಸರು. ಮೂರೂವರೆ ಸಾವಿರ ವರ್ಷಗಳ ಕಾಲ ಜಗತ್ತಿನ ಗಣಿತಜ್ಞರು ಬಹುಪದೋಕ್ತಿ ಸಮೀಕರಣಗಳ ಮೇಲೆ ಪ್ರಯೋಗಿಸಿದ ಮುಖ್ಯ ಅಸ್ತ್ರ ಇದೇ. ಅದು ಎಲ್ಲೆಲ್ಲಿ ಗೆದ್ದಿತು, ಎಲ್ಲಿ ನಿಂತಿತು ಎಂಬುದನ್ನು ಹೇಳಬೇಕೆಂದು ಈ ಬರಹ.

ಒಂಟೆಗಳ ಲೆಕ್ಕ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ್ದು. ಕಾಲ ಕ್ರಿ.ಶ. 850ರ ಸುಮಾರು. ಗ್ರಂಥದ ಆರಂಭದಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾರೆ. ‘ಕವಿರಾಜಮಾರ್ಗ’ದ ಜೊತೆ ನಾವು ನೆನೆಯುವ ನೃಪತುಂಗನೇ ಅವನು. ಅವನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಹಳೆಯ ಕೋಟೆ, ಬಸದಿ, ಜಯತೀರ್ಥರ ಬೃಂದಾವನ, ಸುತ್ತಮುತ್ತ ತೊಗರಿ ಹೊಲ: ನಮ್ಮ ಭಾಗದವರಿಗೆ ಮಳಖೇಡ ಅಂದರೆ ಇಷ್ಟು. ಅದೇ ರಾಜ್ಯದ ನೆರಳಲ್ಲಿ, ಖಗೋಳಶಾಸ್ತ್ರವನ್ನು ಪಕ್ಕಕ್ಕಿಟ್ಟು ಗಣಿತಕ್ಕೇ ಮೀಸಲಾದ ಸಂಸ್ಕೃತ ಗ್ರಂಥವೊಂದು ಹುಟ್ಟಿತು ಎಂಬುದು ನಮ್ಮಲ್ಲಿ ಎಷ್ಟೋ ಮಂದಿ ಗಣಿತದ ಮೇಷ್ಟರಿಗೇ ಗೊತ್ತಿಲ್ಲ.

ಗ್ರಂಥದಲ್ಲಿ ‘ಪ್ರಕೀರ್ಣಕ ವ್ಯವಹಾರ’ ಎಂಬ ಒಂದು ಭಾಗವಿದೆ. ಅಲ್ಲಿ ಲೆಕ್ಕಗಳನ್ನು ಹತ್ತು ಜಾತಿಗಳಾಗಿ ವಿಂಗಡಿಸಿದ್ದಾರೆ. ಒಟ್ಟಿನ ಒಂದು ಭಾಗ ಹೋಗಿ ಉಳಿದದ್ದು ಗೊತ್ತಿದ್ದರೆ ಒಂದು ಜಾತಿ, ಒಟ್ಟಿನ ವರ್ಗಮೂಲವೂ ಸೇರಿಕೊಂಡರೆ ಮೂಲ ಜಾತಿ, ಉಳಿದದ್ದರ ವರ್ಗಮೂಲ ಬಂದರೆ ಶೇಷಮೂಲ ಜಾತಿ, ಹೀಗೆ. ಪ್ರತಿ ಜಾತಿಗೂ ಒಂದೊಂದು ಸೂತ್ರ. ಮೂಲ ಜಾತಿಯ ಸೂತ್ರವನ್ನು ಒಂಟೆಗಳ ಮೇಲೆ ನಡೆಸಿ ನೋಡೋಣ. ವರ್ಗಮೂಲದ ಗುಣಕ 2. ಅದರ ಅರ್ಧ 1. ಒಂದರಲ್ಲಿ ಕಾಲು ಭಾಗ ಕಳೆದರೆ ಮುಕ್ಕಾಲು. ಆ ಮುಕ್ಕಾಲಿನಿಂದ 1ನ್ನು ಭಾಗಿಸಿದರೆ 4/3, ಹೊಳೆದಂಡೆಯ 15ನ್ನು ಭಾಗಿಸಿದರೆ 20. 4/3ರ ವರ್ಗ 16/9. ಅದಕ್ಕೆ 20 ಕೂಡಿಸಿದರೆ 196/9. ಅದರ ವರ್ಗಮೂಲ 14/3. ಅದಕ್ಕೆ ಮತ್ತೆ 4/3 ಸೇರಿಸಿದರೆ 6. ಕೊನೆಗೆ ಆರನ್ನು ವರ್ಗ ಮಾಡು: 36. ತಾಳೆ ನೋಡಿ: ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಂಡೆಯಲ್ಲಿ 15. ಒಟ್ಟು 36.

ಈ ಸೂತ್ರದಲ್ಲಿ ಎಲ್ಲೂ ಯ ಇಲ್ಲ, ಸಮೀಕರಣವೂ ಇಲ್ಲ. ಇದನ್ನು ಬಾಯಿಪಾಠ ಮಾಡಿದ ಹುಡುಗ ಕಾರಣ ಕೇಳದೆ ಉತ್ತರ ತೆಗೆಯಬಹುದಿತ್ತು. ಆದರೆ ಕೊನೆಯ ಹೆಜ್ಜೆ ಗುಟ್ಟು ಬಿಟ್ಟುಕೊಡುತ್ತದೆ. ವರ್ಗ ಮಾಡು ಎಂದು ಹೇಳಬೇಕಾಗಿ ಬಂದದ್ದು ಅಲ್ಲಿಯವರೆಗೆ ಹುಡುಕಿದ್ದು ಹಿಂಡನ್ನಲ್ಲ, ಹಿಂಡಿನ ವರ್ಗಮೂಲವನ್ನು ಎಂಬ ಕಾರಣಕ್ಕೆ. ಆದೇಶ ಮಾಡಿಯೇ ಸೂತ್ರ ಹೆಣೆದಿದ್ದಾರೆ. ಹೆಣಿಗೆಯನ್ನು ಮಾತ್ರ ತೋರಿಸಿಲ್ಲ.

ಒಂಟೆಗಳನ್ನು ಯಾರಾದರೂ ವರ್ಗಮೂಲ ಹಿಡಿದು ಎಣಿಸುತ್ತಾರೆಯೇ ಎಂದು ಕೇಳುವವರಿದ್ದಾರೆ. ಎಣಿಸುವುದಿಲ್ಲ. ಇವು ಕೈ ಪಳಗಿಸುವ ಲೆಕ್ಕಗಳು. ಆನೆ, ನವಿಲು, ದುಂಬಿ, ಕಮಲಗಳೆಲ್ಲ ಅಭ್ಯಾಸದ ಬೇಸರ ಕಳೆಯಲು ಬಂದ ಪಾತ್ರಗಳು. ಆ ಪಾತ್ರಗಳಿಂದಾಗಿಯೇ ಲೆಕ್ಕಗಳು ಭಾಷೆಯಿಂದ ಭಾಷೆಗೆ ದಾಟಿದವು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಮಹಾವೀರಾಚಾರ್ಯರ ಗ್ರಂಥವನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ನಮ್ಮ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೆ ಮಹಾವೀರಾಚಾರ್ಯರ ಪರಿಚಯವಾಯಿತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು.

ಉಪಾಯದ ಬೇರು ಇನ್ನೂ ಹಿಂದಕ್ಕಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಬ್ಯಾಬಿಲೋನಿನ ಒಂದು ಜೇಡಿಮಣ್ಣಿನ ಹಲಗೆಯಿದೆ, ಕ್ರಿ.ಪೂ. 1800ರ ಆಚೀಚಿನ ಕಾಲದ್ದು. ಅದರಲ್ಲಿ ಕಾಲುವೆ ತೋಡುವ ಲೆಕ್ಕಗಳಿವೆ. ಒಂದು ಹೀಗೆ: ಉದ್ದ, ಅಗಲ ಕೂಡಿದರೆ ಆರೂವರೆ, ಗುಣಿಸಿದರೆ ಏಳೂವರೆ. ಎರಡೂ ಎಷ್ಟೆಷ್ಟು? ಲಿಪಿಕಾರ ಮೊದಲು ಆರೂವರೆಯ ಅರ್ಧ ಮಾಡುತ್ತಾನೆ: 3.25. ಉದ್ದ ಇದಕ್ಕಿಂತ ಎಷ್ಟು ಹೆಚ್ಚೋ ಅಗಲ ಅಷ್ಟೇ ಕಡಿಮೆ ಇರಲೇಬೇಕು. ಹಾಗಾಗಿ ಎರಡು ಅಜ್ಞಾತಗಳು ಹೋಗಿ ಒಂದೇ ಉಳಿಯಿತು, ಆ ಹೆಚ್ಚುಕಡಿಮೆ. 3.25ರ ವರ್ಗ 10.5625, ಅದರಲ್ಲಿ 7.5 ಕಳೆದರೆ 3.0625, ಅದರ ವರ್ಗಮೂಲ 1.75. ಉದ್ದ 5, ಅಗಲ ಒಂದೂವರೆ. ಅವನು ಬರೆದದ್ದು ಅರವತ್ತರ ಎಣಿಕೆಯಲ್ಲಿ. ನಾನು ನಮ್ಮ ದಶಮಾಂಶಕ್ಕೆ ಇಳಿಸಿದ್ದೇನೆ. ಅರ್ಧ ಮಾಡಿ ಆಚೀಚೆ ಹೋಗುವ ಈ ನಡೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೂರು ಸಾವಿರ ವರ್ಷ ಕಳೆದ ಮೇಲೆ ಇಟಲಿಯಲ್ಲಿ ಅದು ಮತ್ತೆ ಬರುತ್ತದೆ.

ಆದೇಶವನ್ನು ಮುಚ್ಚುಮರೆಯಿಲ್ಲದೆ ಬರೆದು ತೋರಿಸಿದವರು ಭಾಸ್ಕರಾಚಾರ್ಯರು. ಹುಟ್ಟಿದ್ದು 1114ರಲ್ಲಿ. ಅವರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕರ್ನಾಟಕದವರೂ, ಖಾನದೇಶದ ಪಾಟಣದ ಹತ್ತಿರದ್ದು ಎಂದು ಮಹಾರಾಷ್ಟ್ರದವರೂ ವಾದಿಸುತ್ತಾರೆ. ಆ ಜಗಳ ಇಲ್ಲಿ ಬೇಡ. 1150ರ ‘ಲೀಲಾವತಿ’ಯಲ್ಲಿ ಅವರದೊಂದು ದುಂಬಿಗಳ ಲೆಕ್ಕವಿದೆ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿ ಹೂವಿಗೆ ಹಾರಿದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಭಾಗವೂ ಹೋಯಿತು. ಪರಿಮಳಕ್ಕೆ ಮರುಳಾಗಿ ರಾತ್ರಿ ಕಮಲದೊಳಗೆ ಸಿಕ್ಕಿಬಿದ್ದ ಒಂದು ಗಂಡು ದುಂಬಿ, ಹೊರಗಿನಿಂದ ಅದಕ್ಕೆ ಓಗೊಡುವ ಒಂದು ಹೆಣ್ಣು, ಇವೆರಡು ಉಳಿದವು. ಒಟ್ಟು ಎಷ್ಟು?

‘ಬೀಜಗಣಿತ’ ಗ್ರಂಥದಲ್ಲಿ ಇದೇ ಲೆಕ್ಕವನ್ನು ಅವರು ಮತ್ತೆ ಎತ್ತಿಕೊಂಡು ಹಿಂಡನ್ನು 2ಯ² ಎಂದು ಹಿಡಿಯುತ್ತಾರೆ. ಯ ಎಂಬುದು ‘ಯಾವತ್ ತಾವತ್’ನ ಮೊದಲಕ್ಷರ, ಎಷ್ಟೋ ಅಷ್ಟು ಎಂದು ಅರ್ಥ. ಇನ್ನೊಂದು ಅಜ್ಞಾತ ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಯ² ಎಂದಷ್ಟೇ ಹಿಡಿಯದೆ 2ಯ² ಎಂದು ಯಾಕೆ ಹಿಡಿದರು? ಅರ್ಧದ ವರ್ಗಮೂಲ ಬೇಕಾಗಿದೆ; 2ಯ²ರ ಅರ್ಧ ಯ², ಅದರ ಮೂಲ ಯ, ಚೊಕ್ಕವಾಗಿ ಬಂತು. ಯ² ಎಂದು ಹಿಡಿದಿದ್ದರೆ √2 ಲೆಕ್ಕದ ಕೊನೆಯವರೆಗೂ ಬೆನ್ನು ಬಿಡುತ್ತಿರಲಿಲ್ಲ. ಅಜ್ಞಾತ ಯಾವುದಾಗಿರಬೇಕು ಎಂದು ಆರಿಸಿಕೊಳ್ಳುವ ಹಕ್ಕು ಲೆಕ್ಕ ಬಿಡಿಸುವವನದು ಎಂಬುದನ್ನು ಇಷ್ಟು ಸಲೀಸಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದಿನದು ನೇರ ದಾರಿ. 2ಯ² = ಯ + 16ಯ²/9 + 2. ಒಂಬತ್ತರಿಂದ ಗುಣಿಸಿ ಸರಿಪಡಿಸಿದರೆ 2ಯ² − 9ಯ = 18. ಇಲ್ಲಿ ಭಾಸ್ಕರಾಚಾರ್ಯರು ತಮಗಿಂತ ಹಿಂದಿನ ಶ್ರೀಧರಾಚಾರ್ಯರ ಸೂತ್ರ ಬಳಸುತ್ತಾರೆ: ವರ್ಗದ ಗುಣಕದ ನಾಲ್ಕರಷ್ಟರಿಂದ ಎರಡೂ ಪಕ್ಷಗಳನ್ನು ಗುಣಿಸು, ಅಜ್ಞಾತದ ಗುಣಕದ ವರ್ಗವನ್ನು ಎರಡೂ ಕಡೆ ಸೇರಿಸು. ಎಂಟರಿಂದ ಗುಣಿಸಿದರೆ 16ಯ² − 72ಯ = 144. 81 ಸೇರಿಸಿದರೆ ಎಡಗಡೆ (4ಯ − 9)ರ ವರ್ಗ, ಬಲಗಡೆ 225. ಆದ್ದರಿಂದ 4ಯ − 9 = 15, ಯ = 6, ದುಂಬಿಗಳು 72. ಸೂತ್ರದ ಹೊಟ್ಟೆಯೊಳಗೂ ಆದೇಶವೇ ಇದೆ: 4ಯ − 9 ಎಂಬ ಇಡೀ ಗಂಟನ್ನು ಒಂದೇ ಸಂಖ್ಯೆಯಂತೆ ನೋಡಿದ್ದಕ್ಕೆ ಭಿನ್ನರಾಶಿಗಳ ಕಾಟ ತಪ್ಪಿತು.

225ಕ್ಕೆ −15 ಎಂಬ ಮೂಲವೂ ಉಂಟು. ಅದನ್ನು ಹಿಡಿದರೆ ಯ = −1.5, ಹಿಂಡು ನಾಲ್ಕೂವರೆ ದುಂಬಿ. ಆದೇಶ ಮಾಡಿದಾಗ ಇಂಥ ಅನಾಹ್ವಾನಿತ ಉತ್ತರಗಳು ಒಳಗೆ ನುಸುಳುತ್ತವೆ. ಯ ಸಿಕ್ಕಿತೆಂದು ಅಲ್ಲೇ ನಿಲ್ಲಬಾರದು; ಮೂಲ ಪ್ರಶ್ನೆಗೆ ಹಿಂದಿರುಗಿ ತಾಳೆ ನೋಡಬೇಕು. ನನ್ನ ವಿದ್ಯಾರ್ಥಿಗಳು ಹೆಚ್ಚು ಅಂಕ ಕಳೆದುಕೊಂಡದ್ದು ಈ ಕೊನೆಯ ಸಾಲು ಬರೆಯದೆ. ಭಾಸ್ಕರಾಚಾರ್ಯರು ಎರಡು ಉತ್ತರ ಬರುವ ಲೆಕ್ಕಗಳನ್ನು ಬೇಕೆಂದೇ ಕೊಟ್ಟು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಚರ್ಚಿಸಿದ್ದಾರೆ.

ಅವರು ವರ್ಗ ಸಮೀಕರಣಕ್ಕೇ ನಿಲ್ಲಲಿಲ್ಲ. ‘ಬೀಜಗಣಿತ’ದಲ್ಲಿ ಎರಡು ವಿಶೇಷ ಲೆಕ್ಕಗಳಿವೆ. ಮೊದಲನೆಯದು ಘನ ಸಮೀಕರಣ: ಯ³ + 12ಯ = 6ಯ² + 35. ಯ ಇರುವ ಪದಗಳನ್ನೆಲ್ಲ ಒಂದೆಡೆ ತಂದು ಎರಡೂ ಕಡೆ ಎಂಟು ಕಳೆದರೆ ಎಡಗಡೆ (ಯ − 2)ರ ಘನ, ಬಲಗಡೆ 27. ಯ − 2 = 3, ಯ = 5. ಎರಡನೆಯದು ನಾಲ್ಕನೆಯ ಘಾತದ್ದು: ಯ⁴ − 2ಯ² − 400ಯ = 9999. ಇದಕ್ಕೆ ಅವರು ಎರಡೂ ಕಡೆ 4ಯ² + 400ಯ + 1 ಸೇರಿಸುತ್ತಾರೆ. ಎಡಗಡೆ (ಯ² + 1)ರ ವರ್ಗ. ಬಲಗಡೆ 4ಯ² + 400ಯ + 10000, ಅಂದರೆ (2ಯ + 100)ರ ವರ್ಗ. ಮೂಲ ತೆಗೆದರೆ ಯ² + 1 = 2ಯ + 100. ಇದು ಸಾದಾ ವರ್ಗ ಸಮೀಕರಣ; ಯ = 11.

ಬೋರ್ಡಿನ ಮೇಲೆ ಇದನ್ನು ಬಿಡಿಸಿದಾಗೆಲ್ಲ ಮಕ್ಕಳು ಕೇಳುತ್ತಿದ್ದ ಪ್ರಶ್ನೆ ಒಂದೇ: ಅದನ್ನೇ ಸೇರಿಸಬೇಕು ಅಂತ ಹ್ಯಾಂಗ್ ಗೊತ್ತಾತ್ರಿ? ಇಂಥ ಕಡೆ ಸ್ವಂತ ಬುದ್ಧಿಯಿಂದಲೇ ದಾರಿ ಕಾಣಬೇಕು ಎಂಬುದು ಭಾಸ್ಕರಾಚಾರ್ಯರ ನಿಲುವು. ಲೆಕ್ಕ ಬಿಡಿಸಿದರು, ಎಲ್ಲ ಲೆಕ್ಕಗಳಿಗೂ ಒಗ್ಗುವ ಕ್ರಮ ಕೊಡಲಿಲ್ಲ. ಇದಕ್ಕೂ ಹಿಂದಿನ ತಲೆಮಾರಿನಲ್ಲಿ ಪರ್ಷಿಯಾದ ಉಮರ್ ಖಯ್ಯಾಮ್ ಘನ ಸಮೀಕರಣಗಳನ್ನು ಜಾತಿವಾರು ವಿಂಗಡಿಸಿ, ಶಂಕುಚ್ಛೇದಗಳನ್ನು ಒಂದನ್ನೊಂದು ಛೇದಿಸುವಂತೆ ಎಳೆದು ಉತ್ತರ ತೋರಿಸಿದ್ದ. ಚಿತ್ರದಲ್ಲಿ ಉತ್ತರ ಸಿಕ್ಕಿತು, ಅಂಕಿಗಳಲ್ಲಿ ಸೂತ್ರ ಸಿಗಲಿಲ್ಲ.

ಸೂತ್ರ ಸಿಕ್ಕಿದ್ದು 16ನೇ ಶತಮಾನದ ಇಟಲಿಯಲ್ಲಿ, ಅದೂ ಗುಟ್ಟಿನಲ್ಲಿ. ಆಗಿನ ಪಂಡಿತರು ಸಾರ್ವಜನಿಕವಾಗಿ ಸವಾಲು ಹಾಕಿಕೊಳ್ಳುತ್ತಿದ್ದರು. ಗೆದ್ದವನಿಗೆ ಹೆಸರು, ಶಿಷ್ಯರು, ಕೆಲಸ. ಹೊಸ ವಿಧಾನ ಕಂಡುಕೊಂಡವನು ಅದನ್ನು ಪ್ರಕಟಿಸುವುದಕ್ಕಿಂತ ಬಚ್ಚಿಟ್ಟುಕೊಳ್ಳುವುದೇ ಲಾಭ. ಬೊಲೊನ್ಯದ ಶಿಪಿಯೋನೆ ದೆಲ್ ಫೆರ್ರೊ ಯ³ + 6ಯ = 20 ಮಾದರಿಯ, ಅಂದರೆ ಯ² ಇಲ್ಲದ ಘನ ಸಮೀಕರಣ ಬಿಡಿಸಿ ಬಾಯಿ ಮುಚ್ಚಿಕೊಂಡಿದ್ದ. 1526ರಲ್ಲಿ ಅವನು ತೀರಿಕೊಂಡ. ವಿಧಾನ ಅವನ ಶಿಷ್ಯ ಫಿಯೋರ್‌ನ ಕೈಲಿತ್ತು. 1535ರಲ್ಲಿ ಫಿಯೋರ್ ನಿಕೊಲೊ ತಾರ್ತಾಲಿಯಾನಿಗೆ ಸವಾಲು ಹಾಕಿ ಮೂವತ್ತು ಲೆಕ್ಕ ಕೊಟ್ಟ. ಮೂವತ್ತೂ ಇದೇ ಮಾದರಿಯವು. 1512ರಲ್ಲಿ ಫ್ರೆಂಚ್ ಸೈನಿಕರು ಬ್ರೆಶಿಯಾ ನಗರವನ್ನು ಕೊಳ್ಳೆ ಹೊಡೆದಾಗ ಬಾಲಕ ತಾರ್ತಾಲಿಯಾನ ದವಡೆಗೆ ಕತ್ತಿಯೇಟು ಬಿದ್ದು ಮಾತು ತೊದಲುತ್ತಿತ್ತು. ತೊದಲ ಎಂಬ ಅಡ್ಡಹೆಸರೇ ಅವನಿಗೆ ನಿಂತಿತು. ಗಡುವಿಗೆ ಸ್ವಲ್ಪ ಮೊದಲು, ಫೆಬ್ರವರಿಯ ಒಂದು ರಾತ್ರಿ, ಅವನು ತಾನಾಗಿಯೇ ವಿಧಾನ ಕಂಡುಕೊಂಡು ಮೂವತ್ತನ್ನೂ ಬಿಡಿಸಿದ.

ಆ ವಿಧಾನ ಏನು? ಒಂದು ಅಜ್ಞಾತ ಇದ್ದಲ್ಲಿ ಎರಡನ್ನು ಇಡುವುದು. ನಮ್ಮ ಅಕ್ಷರಗಳಲ್ಲೇ ಬರೆಯುತ್ತೇನೆ: ಯ = ಕ − ನ. ಇದರ ಘನ ಬಿಡಿಸಿದರೆ ಯ³ + (3×ಕ×ನ)ಯ = ಕ³ − ನ³ ಎಂದು ಬರುತ್ತದೆ. ಯ³ + 6ಯ = 20ರ ಪಕ್ಕ ಇಟ್ಟು ನೋಡಿ: ಕ×ನ = 2 ಆಗಿ ಕ³ − ನ³ = 20 ಆದರೆ ಸಾಕು. ಅಂದರೆ ಕ³, ನ³ ಎಂಬ ಎರಡು ಸಂಖ್ಯೆಗಳ ವ್ಯತ್ಯಾಸ 20, ಗುಣಲಬ್ಧ 8. ಬ್ಯಾಬಿಲೋನಿನ ಲಿಪಿಕಾರ ಕೂತಿದ್ದರೆ ತಕ್ಷಣ ಹೇಳುತ್ತಿದ್ದ: ವ್ಯತ್ಯಾಸದ ಅರ್ಧ 10, ಅದರ ವರ್ಗ 100, ಎಂಟು ಸೇರಿಸಿದರೆ 108, √108ಕ್ಕೆ ಹತ್ತು ಕೂಡಿಸಿದರೆ ಒಂದು, ಕಳೆದರೆ ಇನ್ನೊಂದು. ಎರಡರ ಘನಮೂಲ ತೆಗೆದು ಕಳೆದರೆ ಯ ಸಿಗುತ್ತದೆ. ನೋಡಲು ಭಯಂಕರವಾದ ಆ ಮೂಲಗಳ ರಾಶಿಯ ಬೆಲೆ ಬರೀ 2. ತಾಳೆ: 8 + 12 = 20.

ಅಜ್ಞಾತಗಳನ್ನು ಕಡಿಮೆ ಮಾಡುವುದೇ ಆದೇಶ ಎಂದುಕೊಂಡವರಿಗೆ ಇದು ತಿರುಗುಬಾಣ. ಇಲ್ಲಿ ಒಂದರ ಜಾಗಕ್ಕೆ ಎರಡು ಬಂದವು. ಎರಡಿದ್ದರಿಂದಲೇ ಇನ್ನೊಂದು ಷರತ್ತು ಹಾಕುವ ಸ್ವಾತಂತ್ರ್ಯ ಸಿಕ್ಕಿತು, ಆ ಷರತ್ತು ಘನವನ್ನು ವರ್ಗಕ್ಕೆ ಇಳಿಸಿತು.

ಯ² ಇರುವ ಘನ ಸಮೀಕರಣಗಳು ಉಳಿದಿದ್ದವು. ಅವನ್ನು ಗೆದ್ದವನು ಮಿಲಾನಿನ ವೈದ್ಯ, ಜ್ಯೋತಿಷಿ, ಜೂಜುಗಾರ ಜಿರೊಲಾಮೊ ಕಾರ್ದಾನೊ. 1539ರ ಮಾರ್ಚ್‌ನಲ್ಲಿ ಅವನು ತಾರ್ತಾಲಿಯಾನನ್ನು ಮಿಲಾನಿಗೆ ಕರೆಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ, ವಿಧಾನ ಕೇಳಿಕೊಂಡ. ತಾರ್ತಾಲಿಯಾ ಅದನ್ನು ಪದ್ಯದಲ್ಲಿ ಕೊಟ್ಟ. 1543ರಲ್ಲಿ ಬೊಲೊನ್ಯಕ್ಕೆ ಹೋದ ಕಾರ್ದಾನೊಗೆ ದೆಲ್ ಫೆರ್ರೊನ ಹಳೆಯ ಟಿಪ್ಪಣಿ ನೋಡಸಿಕ್ಕಿತು. ಮೊದಲು ಕಂಡವನು ತಾರ್ತಾಲಿಯಾ ಅಲ್ಲವೆಂದಾದ ಮೇಲೆ ಆಣೆಯ ಭಾರ ಇಳಿಯಿತೆಂದು ಅವನು ಬಗೆದ. 1545ರಲ್ಲಿ ನ್ಯೂರೆಂಬರ್ಗಿನ ಪೆಟ್ರೇಯಸ್‌ನ ಅಚ್ಚುಕೂಟದಿಂದ, ಎರಡು ವರ್ಷ ಮುಂಚೆ ಕೊಪರ್ನಿಕಸ್‌ನ ಗ್ರಂಥ ಹೊರಬಂದ ಅಚ್ಚುಕೂಟದಿಂದಲೇ, ಕಾರ್ದಾನೊನ ‘ಆರ್ಸ್ ಮಾಗ್ನಾ’ ಹೊರಬಂತು. ದೆಲ್ ಫೆರ್ರೊ, ತಾರ್ತಾಲಿಯಾ ಇಬ್ಬರ ಹೆಸರನ್ನೂ ಅವನು ಅದರಲ್ಲಿ ಹೇಳಿದ್ದಾನೆ. ತಾರ್ತಾಲಿಯಾನ ಸಿಟ್ಟು ಅದರಿಂದ ತಣಿಯಲಿಲ್ಲ.

ಕಾರ್ದಾನೊ ಸೇರಿಸಿದ ಹೆಜ್ಜೆ ಚಿಕ್ಕದು, ಪರಿಣಾಮ ದೊಡ್ಡದು. ಅವನ ಒಂದು ಉದಾಹರಣೆ ಯ³ + 6ಯ² = 100. ಯ²ರ ಗುಣಕದ ಮೂರನೇ ಒಂದು ಭಾಗ 2; ಯ = ಕ − 2 ಎಂದು ಇಟ್ಟರೆ ವರ್ಗದ ಪದ ಪೂರಾ ಅಳಿಸಿಹೋಗಿ ಕ³ = 12ಕ + 84 ಉಳಿಯುತ್ತದೆ. ಅದನ್ನು ಬಿಡಿಸುವ ದಾರಿ ಸಿದ್ಧವಿದೆ. ಯಾವ ಘನ ಸಮೀಕರಣ ಬಂದರೂ ಈ ಮೂರನೇ ಒಂದು ಭಾಗದ ಪಲ್ಲಟ ಕೆಲಸ ಮಾಡುತ್ತದೆ. ಈಗ ಭಾಸ್ಕರಾಚಾರ್ಯರ ಘನ ಸಮೀಕರಣಕ್ಕೆ ಹಿಂದಿರುಗಿ. ಅಲ್ಲಿ ಯ²ರ ಗುಣಕ −6. ಅವರು ಕಂಡ ಗಂಟು ಯ − 2. ಅದೇ ಪಲ್ಲಟ. ಅವರ ಲೆಕ್ಕದಲ್ಲಿ ವರ್ಗದ ಪದದ ಜೊತೆ ಯ ಪದವೂ ಅಳಿಸಿಹೋಗುತ್ತದೆ. ಹಾಗಾಗಿ ಅಲ್ಲಿಗೇ ಮುಗಿಯಿತು.

ನಾಲ್ಕನೆಯ ಘಾತ ಬಿಡಿಸಿದವನು ಕಾರ್ದಾನೊನ ಮನೆಗೆ ಹದಿನಾಲ್ಕನೇ ವಯಸ್ಸಿನಲ್ಲಿ ಆಳಾಗಿ ಬಂದು ಶಿಷ್ಯನಾದ ಲೊದೊವಿಕೊ ಫೆರ್ರಾರಿ. ಅವನ ವಿಧಾನವನ್ನು ಭಾಸ್ಕರಾಚಾರ್ಯರ ಲೆಕ್ಕದ ಮೇಲೇ ಹೂಡಿ ತೋರಿಸುತ್ತೇನೆ. ಯ⁴ = 2ಯ² + 400ಯ + 9999. ಎಡಗಡೆಯನ್ನು (ಯ² + ಕ)ರ ವರ್ಗ ಮಾಡಬೇಕು. ಕ ಎಷ್ಟೆಂದು ಈಗಲೇ ಹೇಳುವುದಿಲ್ಲ. ಎರಡೂ ಕಡೆ 2ಕಯ² + ಕ² ಸೇರಿಸಿದರೆ ಬಲಗಡೆ (2 + 2ಕ)ಯ² + 400ಯ + (9999 + ಕ²) ಆಗುತ್ತದೆ. ಇದೂ ವರ್ಗವಾಗಬೇಕಾದರೆ ಮಧ್ಯದ ಗುಣಕದ ಅರ್ಧದ ವರ್ಗ ಉಳಿದೆರಡರ ಗುಣಲಬ್ಧಕ್ಕೆ ಸಮ ಇರಬೇಕು: (2 + 2ಕ)(9999 + ಕ²) = 40000. ಇದು ಕ ಕುರಿತ ಘನ ಸಮೀಕರಣ. ಘನಕ್ಕೆ ಸೂತ್ರ ಗೊತ್ತಿದೆ. ಇಲ್ಲಿ ಕ = 1 ಇಟ್ಟು ನೋಡಿ: 4 × 10000. ಸರಿಹೋಯಿತು. ಭಾಸ್ಕರಾಚಾರ್ಯರು ಎಲ್ಲಿಂದಲೋ ತಂದು ಸೇರಿಸಿದಂತೆ ಕಂಡ ಆ 1 ಇದೇ.

ಫೆರ್ರಾರಿ ಭಾಸ್ಕರಾಚಾರ್ಯರನ್ನು ಓದಿರಲಿಲ್ಲ. ‘ಬೀಜಗಣಿತ’ ಯುರೋಪಿನ ಭಾಷೆಗಳಿಗೆ ಹೋದದ್ದು 19ನೇ ಶತಮಾನದಲ್ಲಿ, ಕೋಲ್‌ಬ್ರೂಕ್‌ನ ಇಂಗ್ಲಿಷ್ ಅನುವಾದ 1817ರದ್ದು. ಎಲ್ಲವೂ ನಮ್ಮಿಂದಲೇ ಹೋಯಿತು ಎನ್ನುವವರಿಗೂ, ನಮ್ಮಲ್ಲಿ ಏನೂ ಇರಲಿಲ್ಲ ಎನ್ನುವವರಿಗೂ ನಾನು ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ. ನಾನ್ನೂರು ವರ್ಷದ ಅಂತರದ ಇಬ್ಬರೂ ಒಂದೇ ಬಾಗಿಲ ಮುಂದೆ ನಿಂತಿದ್ದರು. ಏನು ಸೇರಿಸಬೇಕು ಎಂಬುದನ್ನು ಒಬ್ಬರು ಪ್ರತಿಭೆಯಿಂದ ಕಂಡರು; ಇನ್ನೊಬ್ಬ ಸೇರಿಸಬೇಕಾದದ್ದಕ್ಕೂ ಒಂದು ಅಕ್ಷರ ಕೊಟ್ಟ. ಲೆಕ್ಕ ಬಿಡಿಸುವುದಕ್ಕೂ ಸೂತ್ರ ಕಟ್ಟುವುದಕ್ಕೂ ನಡುವೆ ಇದ್ದದ್ದು ಆ ಒಂದು ಅಕ್ಷರ.

‘ಆರ್ಸ್ ಮಾಗ್ನಾ’ದಲ್ಲಿ ಇನ್ನೊಂದು ಕೌತುಕವಿದೆ. ಹತ್ತನ್ನು ಎರಡು ಭಾಗ ಮಾಡು, ಗುಣಲಬ್ಧ 40 ಆಗಲಿ. ಕಾರ್ದಾನೊ ಹಳೆಯ ಹಾದಿಯನ್ನೇ ಹಿಡಿಯುತ್ತಾನೆ: ಹತ್ತರ ಅರ್ಧ ಐದು, ಅದರ ವರ್ಗ 25, ಅದರಲ್ಲಿ 40 ಕಳೆ. ಉಳಿಯುವುದು −15. ಭಾಗಗಳು 5 + √−15 ಮತ್ತು 5 − √−15. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಏಳು ನೂರು ವರ್ಷ ಹಿಂದೆಯೇ ಖಡಾಖಂಡಿತವಾಗಿ ಹೇಳಿದ್ದರು. ಕಾರ್ದಾನೊ ಮನಸ್ಸಿಲ್ಲದ ಮನಸ್ಸಿನಿಂದ ಗುಣಿಸಿ ನೋಡಿ, 40 ಬಂದದ್ದನ್ನು ಕಂಡು, ಇದು ಸೂಕ್ಷ್ಮವಾದರೂ ನಿರುಪಯೋಗಿ ಎಂದು ಬಿಟ್ಟ. 1572ರಲ್ಲಿ ಬೊಂಬೆಲ್ಲಿ ಅದನ್ನು ಉಪಯೋಗಕ್ಕೆ ತಂದ. ಯ³ = 15ಯ + 4ಕ್ಕೆ 4 ಉತ್ತರ ಎಂಬುದು ಕಣ್ಣಿಗೇ ಕಾಣುತ್ತದೆ; ಸೂತ್ರ ಮಾತ್ರ √−121ರ ಮೂಲಕ ಹಾದುಹೋಗುತ್ತದೆ. ಧೈರ್ಯ ಮಾಡಿ ಹಾದುಹೋದರೆ ಕೊನೆಗೆ 4 ಸಿಗುತ್ತದೆ ಎಂದು ಅವನು ತೋರಿಸಿದ. ಮಿಶ್ರ ಸಂಖ್ಯೆಗಳು ಗಣಿತದೊಳಗೆ ಬಂದದ್ದು ಈ ದಾರಿಯಿಂದ.

ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಐದನೆಯ ಘಾತಕ್ಕೂ ಯಾವುದೋ ಒಂದು ಆದೇಶ ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿದರು. 1683ರಲ್ಲಿ ಜರ್ಮನಿಯ ಚಿರ್ನ್‌ಹೌಸ್ ಮಧ್ಯದ ಪದಗಳನ್ನೆಲ್ಲ ಒಟ್ಟಿಗೆ ಅಳಿಸುವ ಆದೇಶ ತನಗೆ ಸಿಕ್ಕಿದೆ ಎಂದ; ಐದಕ್ಕೆ ಬಂದಾಗ ಮೂಲಕ್ಕಿಂತ ಜಟಿಲವಾದ ಸಮೀಕರಣ ಎದುರಾಯಿತು. 1786ರಲ್ಲಿ ಸ್ವೀಡನ್ನಿನ ಬ್ರಿಂಗ್ ಅದನ್ನು ಯ⁵, ಯ, ಒಂದು ಸಂಖ್ಯೆ, ಈ ಮೂರೇ ಪದಗಳಿಗೆ ಇಳಿಸಿದ. ಅಲ್ಲಿಂದ ಮುಂದಕ್ಕೆ ಅದು ಕದಲಲಿಲ್ಲ. ಅಷ್ಟರಲ್ಲಿ, 1770–71ರಲ್ಲಿ, ಬರ್ಲಿನ್ನಿನಲ್ಲಿದ್ದ ಲಗ್ರಾಂಜ್ ಹೊಸ ಆದೇಶ ಹುಡುಕುವುದನ್ನು ಬಿಟ್ಟು ಹಳೆಯವು ಯಾಕೆ ಫಲಿಸಿದವು ಎಂದು ಕೇಳಿದ್ದ. ಮೂರನೆಯ ಘಾತದ ಸಹಾಯಕ ಸಮೀಕರಣ ಎರಡಕ್ಕೆ ಇಳಿಯುತ್ತದೆ, ನಾಲ್ಕರದ್ದು ಮೂರಕ್ಕೆ ಇಳಿಯುತ್ತದೆ. ಐದರದ್ದು ಆರಕ್ಕೆ ಏರುತ್ತದೆ ಎಂದು ಅವನಿಗೆ ಕಂಡಿತು. 1799ರಲ್ಲಿ ರುಫಿನಿ ಸಾಧ್ಯವಿಲ್ಲವೆಂದು ಹೇಳಿದ, ಸಾಧನೆಯಲ್ಲಿ ಕೊರತೆಯಿತ್ತು. 1824ರಲ್ಲಿ ನಾರ್ವೆಯ ಬಡ ಯುವಕ ಆಬೆಲ್ ಕೈಯಿಂದ ಖರ್ಚು ಹಾಕಿ ಆರು ಪುಟದ ಕಿರುಹೊತ್ತಿಗೆ ಅಚ್ಚು ಹಾಕಿಸಿದ: ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ, ಮೂಲ ತೆಗೆಯುವ ಕ್ರಿಯೆಗಳಿಂದ ಐದನೆಯ ಘಾತದ ಎಲ್ಲ ಸಮೀಕರಣಗಳಿಗೂ ಒಗ್ಗುವ ಸೂತ್ರ ಇರಲು ಸಾಧ್ಯವೇ ಇಲ್ಲ. ಪುಟ ಉಳಿಸಲು ಎಷ್ಟು ಬಿಗಿ ಮಾಡಿದ್ದನೆಂದರೆ ಅದನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಾಯಿತು. ಯಾವುದಕ್ಕೆ ಸೂತ್ರವಿದೆ, ಯಾವುದಕ್ಕೆ ಇಲ್ಲ ಎಂದು ಗುರುತಿಸುವ ಬಗೆಯನ್ನು ಫ್ರಾನ್ಸಿನ ಗಾಲ್ವಾ ಬರೆದಿಟ್ಟು 1832ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ದ್ವಂದ್ವಯುದ್ಧದಲ್ಲಿ ಸತ್ತ. ಇಂದಿನ ಬೀಜಗಣಿತ ಶುರುವಾಗುವುದು ಅಲ್ಲಿಂದ.

ಇಷ್ಟು ಚರಿತ್ರೆಯನ್ನು ನಾವು ತರಗತಿಯಲ್ಲಿ ಒಂದು ಸಾಲಿಗೆ ಇಳಿಸಿದ್ದೇವೆ: ‘ಯ² = ಕ ಎಂದಿರಲಿ.’ ಯಾಕಿರಲಿ, ಬೇರೆ ಏನನ್ನು ಹಿಡಿಯಬಹುದಿತ್ತು, ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಕೇಳಲು ಹುಡುಗರಿಗೆ ಪುರುಸೊತ್ತು ಕೊಡುವುದಿಲ್ಲ. ಲೆಕ್ಕದ ಅರ್ಧ ಕೆಲಸ ಅಜ್ಞಾತವನ್ನು ಆರಿಸುವುದರಲ್ಲೇ ಮುಗಿಯುತ್ತದೆ ಎಂಬುದು ಒಂಟೆಗಳಿಂದ ಹಿಡಿದು ಫೆರ್ರಾರಿಯವರೆಗೆ ಎಲ್ಲರೂ ತೋರಿಸಿದ ಪಾಠ. ಗಣಿತ ಹೇಳುವ ಮೇಷ್ಟರುಗಳಿಗೆ, ಟೀಚರಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೆ: ವರ್ಗ ಸಮೀಕರಣದ ಪಾಠದ ದಿನ ಪಠ್ಯದ ಒಂದು ಲೆಕ್ಕ ಬಿಟ್ಟು ‘ಗಣಿತಸಾರಸಂಗ್ರಹ’ದ ಒಂದನ್ನೋ ‘ಲೀಲಾವತಿ’ಯ ಒಂದನ್ನೋ ಕೊಡಿ. ಯಾವುದನ್ನು ಯ ಎಂದು ಹಿಡಿಯಬೇಕೆಂದು ಮಾತ್ರ ಹೇಳಬೇಡಿ.

ಓದುಗರಿಗೂ ಭಾಸ್ಕರಾಚಾರ್ಯರದೇ ಒಂದು ಲೆಕ್ಕ. ಕೋತಿಗಳ ಗುಂಪು, ಅದರ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ತೋಪಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಗುಡ್ಡದ ಮೇಲೆ ಕಿರುಚುತ್ತಿವೆ. ಒಟ್ಟು ಎಷ್ಟು? ಉತ್ತರ ಎರಡು ಬರುತ್ತವೆ. ತಾಳೆ ನೋಡಿ, ಎರಡೂ ಸರಿ.